ಮೂರನೆಯ ನೀರು

ನಮ್ಮ ಲಾಂಡ್ರಿಯಿಂದ ನಾಲ್ಕು ಹೋಟೆಲುಗಳಿಗೆ ಬೆಡ್‌ಶೀಟು ಹೋಗುತ್ತದೆ. ಒಂಬತ್ತು ವರ್ಷದಲ್ಲಿ ಅವುಗಳ ಮೇಲೆ ನಮ್ಮ ಮನೆಯವರು ಯಾರೂ ಒಂದು ಗಳಿಗೆಯೂ ಮೈ ಚಾಚಿದವರಲ್ಲ. ಹಾಗಾಗಿ ಸಮುದ್ರದ ಪಕ್ಕದ ಹೋಟೆಲಿನ ಮ್ಯಾನೇಜರು ಎರಡು ದಿನ ಬಂದು ಇದ್ದು ಹೋಗಿ ಎಂದು ಕರೆದಾಗ ನಮ್ಮವರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮದುವೆಯಾದ ಮೇಲೆ ನಾವು ಊರು ಬಿಟ್ಟು ಹೊರಟ ಮೊದಲ ರಜೆ ಅದು. ನಮ್ಮವರು, ನಾನು, ಅತ್ತೆ, ಎಂಟು ವರ್ಷದ ಮಗಳು. ಮಗಳನ್ನು ನಾವು ಕರೆಯುವುದು ಗಿಣಿ ಎಂದು. ಕಂಡದ್ದು ಕೇಳಿದ್ದು ಯಾವುದೂ ಅವಳ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಮಧ್ಯಾಹ್ನ ರೂಮಿಗೆ ಕಾಲಿಟ್ಟ ತಕ್ಷಣ ಅತ್ತೆ ಮಂಚದ ಮೇಲೆ ಅಂಗೈ ಆಡಿಸಿ ನೋಡಿದರು.

"ನಾವೇ ಒಗೆದ ಹಾಸಿಗೆ ಮೇಲೆ ನಾವೇ ಮಲಗೋ ಯೋಗ ನೋಡು. ಮಾಡಿದ್ದುಣ್ಣೋ ಮಹಾರಾಯ ಅನ್ನೋದು ಇದಕ್ಕೇ ಇರಬೇಕು," ಎಂದರು. ಎಲ್ಲರೂ ನಕ್ಕೆವು.

ಬೆಡ್‌ಶೀಟಿನ ಮೂಲೆಯಲ್ಲಿ ಹಸಿರು ದಾರದ ನಾಲ್ಕು ಹೊಲಿಗೆ ಇತ್ತು. ಯಾವ ಹೋಟೆಲಿನದು ಯಾವುದು ಎಂದು ತಿಳಿಯಲು ನಾನೇ ಹಾಕುವ ಗುರುತು. ಗಿಣಿ ಅದನ್ನು ಕಂಡು ಹಿಗ್ಗಿದಳು, ಅದರ ಮೇಲೇ ಕೆನ್ನೆಯಿಟ್ಟು ನಿದ್ದೆ ಹೋದಳು. ನನಗೂ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಸಂಜೆ ಎದ್ದಾಗ ಅವಳ ಕುತ್ತಿಗೆ ತುಂಬ ದದ್ದು. ಕೆರೆದು ಕೆರೆದು ತೋಳೆಲ್ಲ ಕೆಂಪಾಗಿತ್ತು. ಉಪ್ಪು ಗಾಳಿ ಎಂದರು ನಮ್ಮವರು. ದಾರಿಯಲ್ಲಿ ತಿಂದ ಐಸ್‌ಕ್ರೀಮು ಎಂದರು ಅತ್ತೆ. ತಮ್ಮ ಬೆನ್ನನ್ನೂ ಬಾಗಿಲ ಚೌಕಟ್ಟಿಗೆ ಉಜ್ಜಿಕೊಳ್ಳುತ್ತಿದ್ದರು, ಅದನ್ನು ಮಾತ್ರ ವಯಸ್ಸಿನ ಲೆಕ್ಕಕ್ಕೆ ಹಾಕಿದರು. ನನಗೆ ಆಗಲೇ ಗೊತ್ತಿತ್ತು.

ಬೆಡ್‌ಶೀಟಿಗೆ ಸೋಪಿನ ನಂತರ ಮೂರು ನೀರು ಬೇಕು. ಮೊದಲ ನೀರಿಗೆ ನೊರೆ ಹೋಗುತ್ತದೆ, ಎರಡನೆಯದಕ್ಕೆ ಜಿಡ್ಡು ಹೋಗುತ್ತದೆ, ಕಣ್ಣಿಗೆ ಕಾಣದ್ದು ಹೋಗುವುದು ಮೂರನೆಯದಕ್ಕೆ. ಕಳೆದ ವರ್ಷ ಹೋಟೆಲಿನವರೆಲ್ಲ ಹನ್ನೊಂದು ಗಂಟೆಯೊಳಗೆ ಬಟ್ಟೆ ಬೇಕು ಎಂದು ಪಟ್ಟು ಹಿಡಿದರು. ಮೂರನೆಯ ನೀರು ಬಿಟ್ಟರೆ ಒಂದೊಂದು ಸರದಿಗೂ ಇಪ್ಪತ್ತು ನಿಮಿಷ ಉಳಿಯುತ್ತದೆ, ಬದಲಿಗೆ ಘಮಘಮ ದ್ರಾವಣ ಒಂದು ಸೌಟು ಹೆಚ್ಚು ಹಾಕಿದರಾಯಿತು ಎಂದು ಉಪಾಯ ಹೇಳಿದವಳು ನಾನು. ನಮ್ಮವರು ಬೆನ್ನು ತಟ್ಟಿದರು. ಬಟ್ಟೆ ಈಗ ಎಷ್ಟು ಚೆನ್ನಾಗಿ ಘಮ್ಮೆನ್ನುತ್ತದೆ ಎಂದು ಹೋಟೆಲಿನವರೂ ಹೊಗಳಿದರು. ಮನೆಯ ಬಟ್ಟೆಯನ್ನು ಮಾತ್ರ ಭಾನುವಾರ ಅದೇ ಮಷೀನಿಗೆ ಹಾಕಿ ಮೂರು ನೀರಿನಲ್ಲಿ ಜಾಲಿಸುತ್ತಿದ್ದೆ. ಯಾಕೆಂದು ನಮ್ಮಲ್ಲಿ ಯಾರೂ ಕೇಳಿಕೊಂಡಿರಲಿಲ್ಲ.

ಬೆಡ್‌ಶೀಟು ಬದಲಿಸಲು ಹೇಳಿದೆ. ರೂಮು ನೋಡಿಕೊಳ್ಳುವ ಹೆಂಗಸು, ನನ್ನದೇ ವಯಸ್ಸಿನವಳು, ಬೇರೆ ತಂದು ಹಾಸಿದಳು. ಅದರ ಮೂಲೆಯಲ್ಲೂ ಹಸಿರು ದಾರ. ಅವಳು ಹೋದ ಮೇಲೆ ಮನೆಯಿಂದ ತಂದ ಟವೆಲ್ಲುಗಳನ್ನು ಗಿಣಿಯ ಕೆಳಗೆ ಹಾಸಲು ಹೋದೆ.

"ಬೇಡ ತೆಗಿ," ಎಂದರು ನಮ್ಮವರು. "ನಮ್ಮ ಬಟ್ಟೆ ಮೇಲೆ ನಾವೇ ಟವೆಲ್ ಹಾಸ್ಕೊಂಡು ಮಲಗಿದ್ವಿ ಅಂತ ಮ್ಯಾನೇಜರ್ ಕಿವಿಗೆ ಬಿದ್ರೆ ಏನಾಗುತ್ತೆ?"

ನಾನು ಟವೆಲ್ಲು ಮಡಚಿಟ್ಟೆ. ಹಾಸಿಬಿಡಲು ನನಗೇನು ರೋಗವಾಗಿತ್ತೋ ಇವತ್ತಿಗೂ ಗೊತ್ತಿಲ್ಲ.

ಬೆಳಗ್ಗೆ ಗಿಣಿಯ ತುಟಿ ಊದಿ ಮುಖವೇ ಬೇರೆಯಾಗಿತ್ತು. ಉಸಿರು ಎಳೆದಾಗಲೆಲ್ಲ ಎದೆಯೊಳಗೆ ಸಣ್ಣ ಸದ್ದು. ಎತ್ತಿಕೊಂಡು ಓಡಿದೆವು. ಎರಡು ಬೀದಿ ಆಚೆ ಇದ್ದ ಡಾಕ್ಟರು ಇಂಜೆಕ್ಷನ್ ಕೊಟ್ಟು, ಉಸಿರು ಹದಕ್ಕೆ ಬರುವ ತನಕ ಪಕ್ಕದಲ್ಲೇ ನಿಂತಿದ್ದರು.

"ಬೆಡ್‌ಶೀಟಲ್ಲಿ ಸೋಪು ಉಳಿದಿರಬೇಕು, ಇಲ್ಲಾ ಸೆಂಟು," ಎಂದರು. "ಯಾರು ಒಗೀತಾರೆ ವಿಚಾರಿಸಿ. ಇನ್ನೊಂದ್ಸಲ ಹೀಗಾದ್ರೆ ಕಷ್ಟ ಇದೆ."

"ವಿಚಾರಿಸ್ತೀನಿ ಡಾಕ್ಟ್ರೇ," ಎಂದರು ನಮ್ಮವರು. ನನ್ನ ಮುಖ ನೋಡಲಿಲ್ಲ.

ಸಾಮಾನು ತೆಗೆದುಕೊಂಡು ಹೊರಡೋಣವೆಂದು ಹೋಟೆಲಿಗೆ ಬಂದರೆ ಮ್ಯಾನೇಜರು ಕೌಂಟರಿನ ಬಳಿಯೇ ಕಾಯುತ್ತಿದ್ದ. ನೊಂದ ಮುಖ ಮಾಡಿಕೊಂಡು ಕೈ ಜೋಡಿಸಿದ.

"ನಿಮ್ಮ ಬಟ್ಟೆ ಬಗ್ಗೆ ನನಗೆ ಅನುಮಾನವೇ ಇಲ್ಲ ಸಾರ್. ಇದು ರೂಮಿನವಳ ಕೆಲಸ. ಜಿರಳೆ ಔಷಧಿನೋ ಏನೋ ಮಂಚಕ್ಕೆ ಹೊಡೆದಿದ್ದಾಳೆ."

ನಮ್ಮವರು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳಲಿಲ್ಲ, ಅಷ್ಟು ದಡ್ಡರಲ್ಲ. "ಇರಬಹುದು," ಎಂದರು, ಅಷ್ಟೇ.

ಆ ಹೆಂಗಸನ್ನು ಕರೆಸಿದರು. ಅವಳು ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ಬಂದಳು. ತಾನು ಏನೂ ಹೊಡೆದಿಲ್ಲ ಎಂದಳು. ಮ್ಯಾನೇಜರು ದನಿ ಏರಿಸಿದಾಗ ಎರಡೂ ಕೈಗಳನ್ನು ಕೌಂಟರಿನ ಮೇಲೆ ಚಾಚಿದಳು. ಬೆರಳ ಸಂದಿಯಲ್ಲೆಲ್ಲ ಚರ್ಮ ಬಿರಿದು ಸಿಪ್ಪೆ ಎದ್ದಿತ್ತು, ಮಣಿಕಟ್ಟಿನ ತನಕ ದದ್ದು.

"ದಿನಕ್ಕೆ ಮೂವತ್ತು ಮಂಚ ಹಾಸ್ತೀನಿ ಸಾರ್. ಒಂದು ವರ್ಷದಿಂದ ಹಿಂಗೇ ಇದೆ. ಬೆಡ್‌ಶೀಟಲ್ಲೇ ಏನೋ ಇದೆ ಅಂತ ಎರಡು ಸಲ ಹೇಳಿದೆ, ನೀವು ಕಿವಿಗೆ ಹಾಕ್ಕೊಳ್ಲಿಲ್ಲ. ಈ ಮಗೂಗೆ ಆಗಿರೋದೂ ಅದೇ."

"ನಿನ್ನ ಕೈ ಗಲೀಜಿಗೆ ಲಾಂಡ್ರಿಯವರು ಏನು ಮಾಡ್ತಾರೆ? ಇವರೇ ಲಾಂಡ್ರಿಯವರು, ಇಲ್ಲೇ ನಿಂತಿದ್ದಾರೆ, ಕೇಳು."

ಅವಳು ನಮ್ಮ ಕಡೆ ತಿರುಗಿದಳು. ನಮ್ಮವರನ್ನು ಬಿಟ್ಟು ನನ್ನನ್ನೇ ಕೇಳಿದಳು.

"ಸರಿಯಾಗಿ ಜಾಲಿಸ್ತೀರಾ ಅಕ್ಕ?"

ಮೆತ್ತಗೆ ಕೇಳಿದಳು. ಹೌದೆಂದರೆ ಅವಳ ಕೆಲಸ ಹೋಗುತ್ತದೆ, ಇಲ್ಲವೆಂದರೆ ನಮ್ಮ ನಾಲ್ಕು ಹೋಟೆಲು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂದು ಎಷ್ಟು ಸಲ ಯಾರ ಯಾರ ಮೇಲೋ ಆಡಿ ನಕ್ಕಿದ್ದೇನೆ. ಈಗ ಬರೆಯ ಕಬ್ಬಿಣ ನನ್ನ ಕೈಯಲ್ಲಿತ್ತು. ನಮ್ಮವರು ಚೀಲ ಎತ್ತಿಕೊಂಡು "ನಡಿ, ಹೊತ್ತಾಯ್ತು" ಎಂದರು. ಅತ್ತೆ ನೆಲ ನೋಡುತ್ತಿದ್ದರು.

ನನ್ನ ಸೊಂಟದ ಮೇಲೆ ಕೂತಿದ್ದ ಗಿಣಿ ತಲೆ ಎತ್ತಿದಳು. ದಿನಾ ಬೆಳಗ್ಗೆ ಶಾಲೆಗೆ ಹೋಗುವ ತನಕ, ಭಾನುವಾರ ಇಡೀ ದಿನ ಲಾಂಡ್ರಿಯಲ್ಲೇ ಕೂತು ಪಾಠ ಬರೆಯುವವಳು ಅವಳು. ಒಂದೊಂದು ನೀರು ಮುಗಿದಾಗಲೂ ಮಷೀನು ಗಂಟೆ ಬಾರಿಸುತ್ತದೆ, ಅದನ್ನು ಎಣಿಸುವುದು ಅವಳ ಆಟ.

"ಅಮ್ಮ," ಎಂದಳು, ಊದಿದ ಬಾಯಲ್ಲಿ ಮಾತು ತೊದಲುತ್ತಿತ್ತು. "ನಮ್ಮ ಮನೆ ಬಟ್ಟೆಗೆ ಮೂರು ಸಲ ಗಂಟೆ ಹೊಡೆಯುತ್ತಲ್ಲ, ಹೋಟೆಲ್ ಬಟ್ಟೆಗೆ ಯಾಕೆ ಎರಡೇ..."

ನಾನು ಅವಳ ಬಾಯಿ ಮುಚ್ಚಿದೆ.

ಯೋಚನೆ ಮಾಡಿ ಮುಚ್ಚಿದ್ದಲ್ಲ, ಕೈ ತಾನಾಗಿ ಹೋಯಿತು. ಅಂಗೈ ಕೆಳಗೆ ಅವಳ ತುಟಿ ಬಿಸಿಯಾಗಿತ್ತು. ನೋವಿಗೆ ಅವಳ ಕಣ್ಣಲ್ಲಿ ನೀರು ಬಂತು, ಆದರೂ ನಾನು ಕೈ ತೆಗೆಯಲಿಲ್ಲ. ಮಗುವಿಗೆ ಇನ್ನೂ ಸುಸ್ತು ಎಂದು ಮ್ಯಾನೇಜರು ನಮಗೆ ಬಾಗಿಲು ಹಿಡಿದು ನಿಂತ. ನಾಳೆಯಿಂದ ಬರಬೇಡ ಎಂದು ಆ ಹೆಂಗಸಿಗೆ ಹೇಳಿದ್ದು ನಮ್ಮ ಬೆನ್ನ ಹಿಂದೆ ಕೇಳಿಸಿತು.

ಬಾಗಿಲಲ್ಲಿ ನಾನು ಒಮ್ಮೆ ತಿರುಗಿ ನೋಡಿದಾಗ ಅವಳು ಮಗಳ ಬಾಯಿ ಮೇಲಿದ್ದ ನನ್ನ ಕೈಯನ್ನೇ ನೋಡುತ್ತಿದ್ದಳು. ಆ ಕೈ ಮೇಲೆ ಒಂದು ಗೀರೂ ಇರಲಿಲ್ಲ. ಲಾಂಡ್ರಿಯಲ್ಲಿ ನಾನು ಗ್ಲೌಸು ಹಾಕದೆ ಆ ಬಟ್ಟೆಗಳನ್ನು ಯಾವತ್ತೂ ಮುಟ್ಟಿದವಳಲ್ಲ.