ಮಲ್ಲಕ್ಕನ ಹೆಸರಿನ ಗುತ್ತಿಗೆ

ಹರಿಣಿ ಮೂರು ದಿನದಿಂದ ಲ್ಯಾಪ್‌ಟಾಪಿಗೆ ಬೈಯುತ್ತಿದ್ದಳು. ತುಳುವಿನ ಬೈಗುಳ ಮುಗಿದು, ಹಿಂದಿಯದೂ ಮುಗಿದು, ಈಗ ಮರಾಠಿಗೆ ಕೈ ಹಾಕಿದ್ದಳು. ದಹಿಸರ್‌ನ ಮನೆಯಲ್ಲಿ ಕೂತೇ ನಾಲ್ಕು ಹೋಟೆಲುಗಳ ಲೆಕ್ಕ ನೋಡುವ ಹೆಂಗಸಿಗೆ ತೆರಿಗೆ ಫಾರ್ಮು ತುಂಬುವುದು ಹೊಸ ಕೆಲಸವೇನಲ್ಲ. ಆದರೆ ‘ಕರಸುಗಮ’ ಎಂಬ ತೆರಿಗೆ ಸಾಫ್ಟ್‌ವೇರ್‌ಗೆ ಹೆಸರಿಟ್ಟವನು ಕೈಗೆ ಸಿಕ್ಕಿದ್ದರೆ ಅವಳು ಎರಡು ಬಾರಿಸಿಯೇ ಬಿಡುತ್ತಿದ್ದಳು. ಎಲ್ಲ ತುಂಬಿ ಕೊನೆಯ ಗುಂಡಿ ಒತ್ತಿದ ಕೂಡಲೇ ಕೆಂಪು ಅಕ್ಷರದಲ್ಲಿ ಅದೇ ಹಾಡು: ಸಹಿ ಒಪ್ಪಿಗೆಯಾಗಿಲ್ಲ, ದಯವಿಟ್ಟು ಮತ್ತೆ ಪ್ರಯತ್ನಿಸಿ.

“ಮತ್ತೆ ಅಂತೆ! ಇನ್ನೆಷ್ಟು ಸಲ ಮಾಡ್ಬೇಕು ಮಾರಾಯ್ರೆ?” ಎಂದು ಅವಳು ಗೋಡೆಯನ್ನು ಕೇಳಿದಳು.

ಗೋಡೆಗೆ ಒರಗಿ ಕೂತಿದ್ದ ಮಲ್ಲಕ್ಕ, ತನ್ನನ್ನೇ ಕೇಳಿದ್ದೆಂದು ತಿಳಿದು ತಲೆ ತಗ್ಗಿಸಿದಳು. “ನನ್ನಿಂದ ನಿಮಗ ಭಾಳ ತ್ರಾಸ ಆತ್ರೀ ಬಾಯಿ.”

ಅದನ್ನು ಕೇಳಿ ಹರಿಣಿಗೆ ಇನ್ನೂ ಸಿಟ್ಟು ಬಂತು. ತ್ರಾಸ ಆಗಿದ್ದು ಮಲ್ಲಕ್ಕನಿಗೆ, ಕ್ಷಮೆ ಕೇಳುವವಳೂ ಮಲ್ಲಕ್ಕನೇ!

ಆದದ್ದಿಷ್ಟು. ಆ ನಾಲ್ಕು ಹೋಟೆಲುಗಳಲ್ಲಿ ಒಂದರ ಮಾಲಕ, ಗ್ರಾಂಟ್ ರೋಡಿನ ಧನರಾಜ್ ಹೋದ ವರ್ಷ ತನ್ನ ಹೋಟೆಲಿಗೆ ಹೊಸ ಟೈಲ್ಸು, ಬಣ್ಣ ಎಲ್ಲ ಮಾಡಿಸಿದ. ಮಾಡಿದ್ದು ಯಾದಗಿರಿ ಕಡೆಯ ಕಾಶಪ್ಪ ಮೇಸ್ತ್ರಿಯ ಗ್ಯಾಂಗು, ಒಟ್ಟು ಎಂಟು ಜನ. ಅವರಿಗೂ ಜೊತೆಗಿದ್ದ ಮಕ್ಕಳುಮರಿಗೂ ರೊಟ್ಟಿ ಬಡಿದು ಹಾಕುವವಳು ಮಲ್ಲಕ್ಕ, ವಿಧವೆ. ಗಂಡಸರ ಕೈಗೆ ದುಡ್ಡು ಹೋದರೆ ಶನಿವಾರ ಸಂಜೆಯೊಳಗೆ ಕರಗಿಬಿಡುತ್ತದೆಂದು ಆ ಗಂಡಸರೇ ಮಾಡಿಕೊಂಡ ಒಂದು ಕಟ್ಟುಪಾಡು ಇತ್ತು: ಎಲ್ಲರ ಪಗಾರವೂ ಮಲ್ಲಕ್ಕನ ಖಾತೆಗೆ ಬೀಳಬೇಕು, ಅವಳೇ ಹಂಚಬೇಕು, ಊರಿಗೆ ಕಳಿಸಬೇಕು. ಒಂದು ರೂಪಾಯಿ ಆಚೆ ಈಚೆ ಆದದ್ದಿಲ್ಲ.

ಗುತ್ತಿಗೆದಾರನಿಗೆ ಕೊಟ್ಟ ಹಣವನ್ನು ಸರ್ಕಾರಕ್ಕೆ ತಿಳಿಸುವ ಫಾರ್ಮಿನಲ್ಲಿ ಕಾಶಪ್ಪನ ಪ್ಯಾನ್ ನಂಬರು ಬರಬೇಕಿತ್ತು. ಅವನು ಅದನ್ನು ಆಧಾರಿಗೆ ಜೋಡಿಸಿರಲಿಲ್ಲ, ನಂಬರು ಸತ್ತಿತ್ತು. ಸತ್ತ ನಂಬರಿಗೆ ನೂರಕ್ಕೆ ಇಪ್ಪತ್ತು ತೆರಿಗೆ ಹಿಡಿಯಬೇಕು. ಜೀವ ಇರುವುದಕ್ಕೆ ಒಂದೇ ಒಂದು. “ದುಡ್ಡು ಹೋದದ್ದು ಯಾರ ಖಾತೆಗೆ? ಅವಳದ್ದೇ ಹಾಕು” ಎಂದು ಮೆಸೇಜು ಹಾಕಿದ್ದ ಧನರಾಜ್. ಹರಿಣಿ ಹಾಕಿದ್ದಳು. ಹೀಗೆ ರೊಟ್ಟಿ ಬಡಿಯುವ ಮಲ್ಲಕ್ಕ ಸರ್ಕಾರದ ಕಣ್ಣಿಗೆ ಲಕ್ಷಗಟ್ಟಲೆ ದುಡಿಯುವ ಗುತ್ತಿಗೆದಾರಳಾದಳು. ಈಗ ರೇಷನ್ ಆಫೀಸಿನಿಂದ ನೋಟಿಸು ಬಂದಿದೆ: ಇಷ್ಟು ಆದಾಯ ಇದ್ದವರಿಗೆ ಕಾರ್ಡು ಇಲ್ಲ, ಶನಿವಾರದೊಳಗೆ ತಿದ್ದಿದ ಕಾಗದ ತರದಿದ್ದರೆ ಕಾರ್ಡು ರದ್ದು. ಆ ಕಾರ್ಡಿನ ಅಕ್ಕಿ ಗೋಧಿಯ ಮೇಲೆಯೇ ಮಲ್ಲಕ್ಕ, ಅವಳ ಸೊಸೆ, ಇಬ್ಬರು ಮೊಮ್ಮಕ್ಕಳು ಉಸಿರಾಡುತ್ತಿದ್ದರು.

ಹೆಸರು ಬದಲಿಸಲು ಮಾಲಕನ ಡಿಜಿಟಲ್ ಸಹಿ ಬೇಕು. ಪೆನ್‌ಡ್ರೈವಿನಂಥ ಕಡ್ಡಿಯೊಳಗೆ ಅದು ಇರುತ್ತದೆ. ಧನರಾಜ್ ಅದನ್ನು ಕೇಳಿದ ಕೂಡಲೇ ಕೊಟ್ಟಿದ್ದ. “ಮಾಡು ಮಾರಾಯ್ತಿ, ಪಾಪ, ಬಡವಳು” ಎಂದೂ ಹೇಳಿದ್ದ.

ಹರಿಣಿ ಸಾಫ್ಟ್‌ವೇರನ್ನು ಅಳಿಸಿ ಮತ್ತೆ ಹಾಕಿದಳು. ಕಡ್ಡಿಯ ಡ್ರೈವರ್ ಬದಲಾಯಿಸಿದಳು. ಬ್ರೌಸರ್ ಬದಲಾಯಿಸಿದಳು, ಪಕ್ಕದ ಮನೆಯ ವೈಫೈ ಬೇಡಿದಳು. ಕೊನೆಗೆ ಹೆಲ್ಪ್‌ಲೈನಿನ ಸಂಗೀತವನ್ನು ಮುಕ್ಕಾಲು ಗಂಟೆ ಕೇಳಿಸಿಕೊಂಡ ಮೇಲೆ ಒಬ್ಬ ಮನುಷ್ಯ ಸಿಕ್ಕಿದ.

“ಮೇಡಂ, ಸಾಫ್ಟ್‌ವೇರ್ ತೋ ಠೀಕ್ ಹೈ. ಆಪ್‌ಕಾ ಸಿಗ್ನೇಚರ್ ಹೀ ಕ್ಯಾನ್ಸಲ್ ಹೈ. ಮಾಲಿಕ್ ನೇ ಪಿಛಲೇ ಹಫ್ತೇ ನಯಾ ಲಿಯಾ ಹೈ ನಾ.”

ಹರಿಣಿ ಫೋನ್ ಇಟ್ಟಳು. ಈ ಸಹಿಯೇ ರದ್ದಾಗಿದೆ, ಮಾಲಕ ಹೋದ ವಾರವೇ ಹೊಸದು ಮಾಡಿಸಿದ್ದಾನೆ. ಕಡ್ಡಿ ಕೇಳಿದ್ದು ನಾಲ್ಕು ದಿನದ ಹಿಂದೆ. ಅಂದರೆ ಧನರಾಜ್ ಹೊಸ ಸಹಿಯನ್ನು ಜೇಬಿನಲ್ಲಿಟ್ಟುಕೊಂಡೇ ಹಳೆಯದನ್ನು ಕೊಟ್ಟು ನಕ್ಕಿದ್ದ. ಶನಿವಾರ ದಾಟಲಿ ಎಂದು. ಮೂರು ದಿನ ಒಂದು ಬಡಪಾಯಿ ಯಂತ್ರಕ್ಕೆ ಬೈದೆನಲ್ಲ ಎಂದು ಅವಳ ಮೈ ಉರಿಯಿತು.

“ಏಳಿ ಮಲ್ಲಕ್ಕ, ಗ್ರಾಂಟ್ ರೋಡಿಗೆ ಹೋಗುವ.”

ಹೋಟೆಲಿನಲ್ಲಿ ಊಟದ ಹೊತ್ತು, ಕಾಲಿಡಲು ಜಾಗವಿಲ್ಲ. ಹರಿಣಿ ನೇರ ಗಲ್ಲಾಪೆಟ್ಟಿಗೆಯ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟಳು.

“ಹೊಸ ಸಹಿ ಕೊಡಿ.”

“ಎಂಥ ಹೊಸತು?” ಎಂದ ಧನರಾಜ್. ಅವಳ ಮುಖ ನೋಡಿದ ಮೇಲೆ ದನಿ ತಗ್ಗಿಸಿದ. “ನೋಡು, ಅವರಿಗೆ ಪೂರ್ತಿ ದುಡ್ಡು ಕೊಟ್ಟಾಗಿದೆ, ಇನ್ನು ಇಪ್ಪತ್ತು ಪರ್ಸೆಂಟ್ ನನ್ನ ಕೈಯಿಂದ ಹೋಗ್ತದೆ, ಗೊತ್ತುಂಟಲ್ಲ? ಅವಳಿಗೆ ಅಕ್ಕಿ ತಾನೆ ಬೇಕಾದ್ದು? ತಿಂಗಳಿಗೆ ಒಂದು ಚೀಲ ಇಲ್ಲಿಂದ ತಕೊಂಡು ಹೋಗ್ಲಿ.”

“ನಾ ಬೇಡಾಕ ಬಂದಿಲ್ರೀ ಸಾವ್ಕಾರ್ರ,” ಮಲ್ಲಕ್ಕನ ದನಿ ಒಮ್ಮೆಲೇ ಎದ್ದಿತು. ಇಡ್ಲಿ ಮುರಿಯುತ್ತಿದ್ದವರ ಕೈ ನಿಂತಿತು. “ನನ್ನ ಹೆಸರಿಗೆ ಸುಳ್ಳು ಬರದೀರಿ. ಅದನ್ನ ತಗೀರಿ, ಅಷ್ಟ ಸಾಕು.”

“ಟೈಪ್ ಮಾಡಿದ್ದು ಹರಿಣಿ, ನಾನಲ್ಲ.”

“ಹೌದು, ನಾನೇ ಮಾಡಿದ್ದು,” ಹರಿಣಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. “ಮಾಡಲು ಹೇಳಿದ ನಿಮ್ಮ ಮೆಸೇಜು ನನ್ನ ಫೋನಿನಲ್ಲಿ ಉಂಟು. ನನ್ನ ತಪ್ಪು, ನಿಮ್ಮ ಮೆಸೇಜು ಎರಡನ್ನೂ ತೆರಿಗೆ ಆಫೀಸಿಗೆ ಬರೆದು ಕೊಡ್ತೇನೆ. ನನಗೆ ಏನಾಗ್ತದೋ ಆಗಲಿ, ನಿಮಗೂ ಆಗ್ತದೆ.”

ಧನರಾಜ್ ಟೇಬಲುಗಳತ್ತ ನೋಡಿದ. ಗಿರಾಕಿಗಳು ಅವನತ್ತ ನೋಡುತ್ತಿದ್ದರು. ಹಲ್ಲು ಕಚ್ಚಿಕೊಂಡು ಹೊಸ ಕಡ್ಡಿ ಚುಚ್ಚಿ ಪಾಸ್‌ವರ್ಡ್ ಕುಟ್ಟಿದ. ಈ ಸಲ ಸಾಫ್ಟ್‌ವೇರ್ ತಕರಾರು ಮಾಡಲಿಲ್ಲ. ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ರಸೀದಿಯ ಪ್ರಿಂಟ್ ತೆಗೆಸಿ ಹರಿಣಿ ಮಲ್ಲಕ್ಕನ ಕೈಗಿತ್ತಳು. “ನಾಳೆಯಿಂದ ನನ್ನ ಲೆಕ್ಕ ನೋಡುವುದು ಬೇಡ” ಎಂದು ಧನರಾಜ್ ಹಿಂದಿನಿಂದ ಕೂಗಿದ್ದಕ್ಕೆ ಅವಳು ತಿರುಗಿಯೂ ನೋಡಲಿಲ್ಲ.

ಲೋಕಲ್ ರೈಲಿನಲ್ಲಿ ಅದೃಷ್ಟಕ್ಕೆ ಸೀಟು ಸಿಕ್ಕಿತು. ಮಲ್ಲಕ್ಕ ಕಾಗದವನ್ನು ಮಡಿಲಲ್ಲಿ ಹಿಡಿದು ಕೂತಿದ್ದಳು. ದಾದರ್ ದಾಟಿದ ಮೇಲೆ ಕೇಳಿದಳು.

“ಬಾಯಿ, ನನ್ನ ಹೆಸರು ಹೋತು. ಆ ರೊಕ್ಕ ಈಗ ಯಾರ ಹೆಸರಿಗೆ ಬಂತ್ರೀ?”

“ಕಾಶಪ್ಪನ ಹೆಸರಿಗೆ. ಮೇಸ್ತ್ರಿ ಅವನೇ ಅಲ್ವಾ?”

“ಎಲ್ಲಾನೂ?”

“ಹಾಂ. ಎಲ್ಲ.”

“ಅಂವಾ ತಗೊಂಡದ್ದು ಎಂಟರಾಗ ಒಂದು ಪಾಲರೀ. ಅಂವಂದೂ ಅದs ರೇಷನ್ ಅಂಗಡಿ ಕಾರ್ಡು. ಮೂರು ಮಕ್ಕಳು. ಹಂಗಾರ ಅಂವಂದು ಕಾರ್ಡು ಹೋಗ್ತದೇನು?”

ಈ ಯೋಚನೆ ಹರಿಣಿಗೆ ಬಂದೇ ಇರಲಿಲ್ಲ. ಧನರಾಜನ ಮೇಲಿನ ಸಿಟ್ಟಿನಲ್ಲಿ ಅವಳಿಗೆ ಬೇರೇನೂ ಕಂಡಿರಲಿಲ್ಲ. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

“ಹೋಗಬಹುದು,” ಎಂದಳು. “ಆದ್ರೆ ನಿಮ್ಮದು ಉಳೀತದಲ್ಲ ಮಲ್ಲಕ್ಕ. ಶನಿವಾರ ಈ ಕಾಗದ ಕೊಟ್ಟರೆ ಮುಗೀತು.”

“ಹೆಂಗ ಮುಗೀತದ್ರೀ? ನಾಳಿ ಮುಂಜಾನಿ ಅಂವನ ಮಕ್ಕಳಿಗೆ ರೊಟ್ಟಿ ಹಾಕಾಕಿ ನಾನs ಅಲ್ಲೇನು?”

ರೈಲು ಬಾಂದ್ರಾದಲ್ಲಿ ನಿಂತಿತು. ಮಲ್ಲಕ್ಕ ಎದ್ದಳು. ಹೆಂಗಸರನ್ನು ಮೊಳಕೈಯಿಂದ ಸರಿಸುತ್ತ ಬಾಗಿಲ ಕಡೆ ನಡೆದಳು.

“ಇಳೀರಿ ಬಾಯಿ, ತಿರುಗಿ ಗ್ರಾಂಟ್ ರೋಡಿಗೆ ಹೋಗೂಣು. ಎಂಟೂ ಮಂದಿ ಹೆಸರಿಗೆ ಅವರವರ ಪಾಲು ಬರಸೂಣು.”

ಹರಿಣಿ ಲ್ಯಾಪ್‌ಟಾಪಿನ ಚೀಲ ಎದೆಗವಚಿಕೊಂಡು ಅವಳ ಹಿಂದೆಯೇ ಇಳಿದಳು.