ಯಾರ ಮನೆ ಮಗು ಇದು?

ಡಾರ್ಸಿ ಮೂರು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಉಪ್ಪುಮೀನು ಬೇಡ, ಕಾಕಂಬಿ ಸುರಿದ ಬಿಸಿ ರೊಟ್ಟಿಯೂ ಬೇಡ. ಹದಿನಾಲ್ಕರ ಹುಡುಗಿ, ಐಸ್ ಹಾಕಿ ಆಟ ಅಂದರೆ ಪ್ರಾಣ ಬಿಡುವವಳು, ಈಗ ಆಟದ ಚೀಲವನ್ನು ಮುಟ್ಟಿಯೂ ನೋಡುತ್ತಿಲ್ಲ. ಮಹಡಿ ಕೋಣೆ, ಕೈಯಲ್ಲಿ ಫೋನು, ಅಷ್ಟೇ.

"ಆ ಫೋನೇ ಅವಳನ್ನ ತಿಂತಿರೋದು" ಅಂತ ವಿನ್ನಿ ಅಜ್ಜಿ ಬೆಕ್ಕಿನ ಮುಂದೆ ಗೊಣಗಿದಳು. ಬೇರೆ ಯಾರ ಮುಂದೆ ಗೊಣಗಬೇಕು? ಮಗಳು ದೂರದ ಆಲ್ಬರ್ಟಾದಲ್ಲಿ ಎಣ್ಣೆ ಬಾವಿಯವರಿಗೆ ಅಡುಗೆ ಮಾಡಿ ಹಾಕುತ್ತಾಳೆ, ಮೂರು ವಾರಕ್ಕೊಮ್ಮೆ ಮನೆಗೆ ಬರುತ್ತಾಳೆ. ಮೊಮ್ಮಗಳ ಜವಾಬ್ದಾರಿಯೆಲ್ಲ ಅಜ್ಜಿಯದೇ.

ನ್ಯೂಫೌಂಡ್‌ಲ್ಯಾಂಡಿನ ಪಾಟರ್ಸ್ ಕೋವ್ ಅಂದರೆ ಕಡಲಂಚಿನ ಎಪ್ಪತ್ತು ಮನೆ. ಬಾಗಿಲಿಗೆ ಬೀಗ ಹಾಕುವ ಪದ್ಧತಿ ಇಲ್ಲ. ಬಾಗಿಲು ತಟ್ಟಿದರೆ ಅವನು ಪರವೂರಿನವನೇ. ಅವನನ್ನೂ ಮೊದಲು ಕೇಳುವುದು ಒಂದೇ ಮಾತು: "ನೀನು ಯಾರ ಮನೆ ಮಗು?" ಅಪ್ಪನ ಹೆಸರು, ಅಜ್ಜನ ಹೆಸರು ಹೇಳಿದರೆ ಸಾಕು, ಮುಂದೆ ಚಹಾ ಬರುತ್ತದೆ. ಹಾಗೆ ಕೇಳಿದವರಿಗೆ ಉತ್ತರ ಕೊಡದೆ ಹೋದರೆ ಅದಕ್ಕಿಂತ ಕೊಬ್ಬು ಇನ್ನೊಂದಿಲ್ಲ ಅಂತ ಊರ ನಂಬಿಕೆ.

ಬುಧವಾರ ಊರಿನ ನರ್ಸ್ ಮಾರ್ಲೀನ್ ಬಂದಳು, ಬಾಗಿಲು ತಟ್ಟದೆ. ಊರಿನ ಹಿರಿಯ ಹೆಂಗಸರೆಲ್ಲ ಅವಳಿಗೆ ಚಿಕ್ಕಮ್ಮಂದಿರೇ. ಅಜ್ಜಿಯ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿ, ಅಳತೆ ನೋಡಿ ಹುಬ್ಬೇರಿಸಿದಳು.

"ಏನ್ ಚಿಕ್ಕಮ್ಮ, ಯಾರ ಜೊತೆ ಜಗಳ ಆಡಿದ್ರಿ?"

"ಫೋನ್ ಜೊತೆ. ಇವತ್ತು ಅದನ್ನ ಕಿತ್ಕೊಂಡು ಸಮುದ್ರಕ್ಕೆ ಎಸೀತೀನಿ, ನೋಡ್ತಿರು."

ಮೆಟ್ಟಿಲ ಮೇಲೆ ಹಲಗೆ ಕಿರ್ ಅಂತು. ಡಾರ್ಸಿ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಮಾರ್ಲೀನ್ ದನಿ ತಗ್ಗಿಸಿದಳು.

"ಫೋನ್ ಎಸೆದ್ರೆ, ಅವಳು ನಿಮಗೆ ಹೇಳ್ಬೇಕು ಅಂತಿರೋ ಮಾತೂ ಅದರ ಜೊತೆಗೇ ಮುಳುಗುತ್ತೆ. ಮಕ್ಕಳು ಬಾಯಿ ಬಿಡದೇ ಇರೋದು ಯಾಕೆ ಗೊತ್ತಾ? ಈ ಹೆದರಿಕೆಗೇ. ಕಿತ್ಕೊಳ್ಳಲ್ಲ ಅಂತ ಮಾತು ಕೊಡಿ."

"ನಾನು ಕೊಡಲ್ಲ."

"ಹಾಗಾದ್ರೆ ಬಿ.ಪಿ. ಮಾತ್ರೆ ಜಾಸ್ತಿ ಮಾಡ್ಬೇಕಾಗುತ್ತೆ."

"ನೀನು ಬಿಡೋಳಲ್ಲ ಬಿಡು. ಆಯ್ತು, ಕಿತ್ಕೊಳ್ಳಲ್ಲ."

ಆ ಮಾತು ಕೇಳಿ ಡಾರ್ಸಿ ಇಳಿದು ಬಂದಳು. ಕುರ್ಚಿಯಲ್ಲಿ ಕೂತವಳು ಮೊದಲು ಅತ್ತಳು, ಆಮೇಲೆ ಹೇಳಿದಳು.

ತಿಂಗಳ ಹಿಂದೆ ಹೇಲಿ ಅನ್ನುವವಳ ಗೆಳೆತನ ಆಗಿತ್ತು, ಫೋನಿನಲ್ಲೇ. ಕೊಲ್ಲಿಯ ಆಚೆ ದಡದ ಹಾಕಿ ತಂಡದ ಗೋಲ್‌ಕೀಪರ್ ಅಂದಿದ್ದಳು. ಡಾರ್ಸಿಯ ಅಂಗಿ ನಂಬರು ಹನ್ನೊಂದು ಅಂತ ಅವಳಿಗೆ ಗೊತ್ತಿತ್ತು. ಅಮ್ಮ ಎಲ್ಲಿದ್ದಾಳೆ ಅಂತ ಗೊತ್ತಿತ್ತು. ಬೆಕ್ಕಿನ ಹೆಸರೂ ಗೊತ್ತಿತ್ತು. ಇಷ್ಟೆಲ್ಲ ಗೊತ್ತಿರುವವಳು ನಮ್ಮವಳೇ ತಾನೆ ಅಂತ ಡಾರ್ಸಿ ಮನಸ್ಸು ಬಿಚ್ಚಿದಳು. ಗೆಳತಿ ಶೆಲ್ಬಿ ಯಾರಿಗೂ ಹೇಳಬೇಡ ಅಂದಿದ್ದ ಅವರ ಮನೆಯ ಗುಟ್ಟನ್ನೂ ಹೇಳಿಬಿಟ್ಟಳು. ಈಗ ಆ ಹೇಲಿಯ ಮಾತಿನ ವರಸೆಯೇ ಬೇರೆ: ನಾನು ಹೇಳಿದ ಹಾಗೆ ನಿನ್ನ ಫೋಟೋ ತೆಗೆದು ಕಳಿಸು, ಇಲ್ಲದಿದ್ದರೆ ನೀನು ಬರೆದಿದ್ದೆಲ್ಲ ಶುಕ್ರವಾರ ಇಡೀ ಶಾಲೆಗೆ ಹೋಗುತ್ತದೆ.

"ಕಳಿಸಿದ್ಯಾ ಮಗಾ?" ಮಾರ್ಲೀನ್ ಕೇಳಿದಳು.

"ಇಲ್ಲ. ಇವತ್ತು ಕಳಿಸೋಣ ಅಂತಿದ್ದೆ. ಶೆಲ್ಬಿ ಇನ್ನೊಂದ್ಸಲ ನನ್ನ ಮುಖ ನೋಡಲ್ಲ, ಅಜ್ಜಿ."

ಅಜ್ಜಿಯ ಹೆದರಿಕೆ ಬಾಯಿಗೆ ಬರುವಾಗ ಬೈಗುಳವಾಗಿತ್ತು. "ಅಮ್ಮನ ವಿಷಯ, ಬೆಕ್ಕಿನ ವಿಷಯ ಎಲ್ಲಾ ನೀನೇ ಬೊಗಳಿರ್ತೀಯ. ನಾಲಿಗೆ ಹಿಡಿತ ಇಲ್ಲ."

"ನಾನು ಹೇಳ್ಲಿಲ್ಲ. ಅವಳಿಗೆ ಮೊದ್ಲೇ ಗೊತ್ತಿತ್ತು."

ಮಾರ್ಲೀನ್ ಕೈ ಚಾಚಿದಳು. "ಚಿಕ್ಕಮ್ಮ, ನೀವು ಫೋಟೋ ಹಾಕ್ತೀರಲ್ಲ, ಆ ಟ್ಯಾಬ್ಲೆಟ್ ಕೊಡಿ."

ವಿನ್ನಿ ಅಜ್ಜಿ ಹೆಣೆದ ಕೈಗವಸು, ಮಾಡಿದ ಜಾಮು ಎಲ್ಲದರ ಫೋಟೋ ಹಾಕುವ ಜಾಲತಾಣದ ಪುಟ ಅದರಲ್ಲಿತ್ತು. ಯಾರು ಬೇಕಾದರೂ ನೋಡಬಹುದಿತ್ತು. ಎರಡು ತಿಂಗಳ ಹಿಂದಿನ ಒಂದು ಫೋಟೋ ಸಿಕ್ಕಿತು: ಹನ್ನೊಂದರ ಅಂಗಿ ತೊಟ್ಟು ಕಪ್ ಹಿಡಿದ ಡಾರ್ಸಿ. ಕೆಳಗೆ ಯಾರೋ ಕೇಳಿದ್ದರು: ಮುದ್ದಾಗಿದ್ದಾಳೆ, ಯಾರ ಮನೆ ಮಗು ಇದು?

ಅಜ್ಜಿಯ ಉತ್ತರವನ್ನು ಮಾರ್ಲೀನ್ ಓದಿದಳು. "ನಮ್ಮ ಡಾರ್ಸಿ, ನನ್ನ ಮಗಳು ರೋಂಡಾಳ ಮಗಳು. ರೋಂಡಾ ಆಲ್ಬರ್ಟಾದಲ್ಲಿ, ಹುಡುಗಿ ನನ್ನ ಜೊತೆ. ದೋಣಿ ನಿಲ್ಲೋ ದಕ್ಕೆಯ ಮೇಲ್ಗಡೆ ಹಳದಿ ಮನೆ. ಮಂಗಳವಾರ, ಗುರುವಾರ ಆಟ ಮುಗಿಸಿ ಒಬ್ಳೇ ನಡೆದು ಬರ್ತಾಳೆ, ಗಟ್ಟಿ ಹುಡುಗಿ. ನಮ್ಮ ಬೆಕ್ಕು, ಬಿಸ್ಕಿಟ್ ಅಂತ ಹೆಸರು, ಗೇಟಲ್ಲೇ ಕಾಯ್ತಿರುತ್ತೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಕೇಳಿದ್ರು, ಹೇಳ್ದೆ" ಅಂದಳು ಅಜ್ಜಿ. "ಹೇಳದೇ ಇರೋದು ಮರ್ಯಾದೆನಾ?"

"ಬಾಗಿಲಿಗೆ ಬಂದು ಕೇಳಿದ್ರೆ ನಿಮಗೆ ಮುಖ ಕಾಣುತ್ತೆ ಚಿಕ್ಕಮ್ಮ. ಇಲ್ಲಿ ಕೇಳಿದೋರು ಹುಡುಗಿನೋ, ಐವತ್ತರ ಗಂಡಸೋ ಯಾರಿಗೆ ಗೊತ್ತು?"

ಅಜ್ಜಿ ಮೊಮ್ಮಗಳ ಕೈ ಹಿಡಿದಳು. "ನಾಲಿಗೆ ಹಿಡಿತ ಇಲ್ಲದೇ ಇದ್ದಿದ್ದು ನನಗೆ. ತಪ್ಪಾಯ್ತು ಚಿನ್ನ."

ಆಮೇಲೆ ಕೆಲಸ ಸರಸರ ನಡೆಯಿತು. ಹೇಲಿಗೆ ಉತ್ತರ ಕೊಡಬೇಡ, ಫೋಟೋ ಅಂತೂ ಬೇಡವೇ ಬೇಡ ಅಂದಳು ಮಾರ್ಲೀನ್. ಒಮ್ಮೆ ಕೊಟ್ಟವರ ಹತ್ತಿರ ಮತ್ತೆ ಮತ್ತೆ ಕೇಳುತ್ತಾರೆ. ಡಾರ್ಸಿ ನಾಚಿಕೆಗೆ ಎಲ್ಲ ಅಳಿಸಲು ಹೊರಟಿದ್ದಳು. "ಅಳಿಸ್ಬೇಡ, ಅದೇ ನಮ್ಮ ಸಾಕ್ಷಿ" ಅಂತ ತಡೆದು, ಒಂದೊಂದು ಸಂದೇಶದ ಸ್ಕ್ರೀನ್‌ಶಾಟ್ ತೆಗೆಸಿದಳು. ನಂತರ ಆ ಖಾತೆಯ ಮೇಲೆ ದೂರು ಕೊಟ್ಟು ಬ್ಲಾಕ್ ಮಾಡಿಸಿದಳು. ಪೊಲೀಸರಿಗೆ ಫೋನು ಹೋಯಿತು, ಆಲ್ಬರ್ಟಾಕ್ಕೂ ಹೋಯಿತು. ಶಾಲೆಗೆ ಮಾರ್ಲೀನ್ ತಾನೇ ಹೇಳಿದಳು.

ಉಳಿದಿದ್ದು ಶೆಲ್ಬಿ. ಬೇರೆಯವರ ಬಾಯಿಂದ ಕೇಳುವ ಮೊದಲು ಅವಳಿಗೆ ಡಾರ್ಸಿಯೇ ಹೇಳಬೇಕಿತ್ತು. ಅಜ್ಜಿ ಜಾಮಿನ ಬಾಟಲಿ ಹಿಡಿದು ಜೊತೆಗೆ ಹೋದಳು. ಶೆಲ್ಬಿ ಕೇಳಿದಳು, ಕೆಂಡವಾದಳು, ಮುಖದ ಮೇಲೇ ಬಾಗಿಲು ಹಾಕಿದಳು. ಗುರುವಾರವಿಡೀ ಮಾತಿಲ್ಲ. ಶುಕ್ರವಾರ ಬೆಳಿಗ್ಗೆ ಹಳದಿ ಮನೆಯ ಬಾಗಿಲು ತಟ್ಟದೆ ಒಳಗೆ ಬಂದು, "ನಡಿ, ಬಸ್ಸಿಗೆ ಲೇಟಾಯ್ತು. ನಿನ್ನ ಮೇಲೆ ಸಿಟ್ಟು ಇನ್ನೂ ಇದೆ" ಅಂದಳು. ಅವತ್ತು ಶಾಲೆಯಲ್ಲಿ ಇಬ್ಬರೂ ಅಕ್ಕಪಕ್ಕದಲ್ಲೇ ಕೂತರು. ಹೇಲಿ ಕಳಿಸುತ್ತೇನೆ ಅಂದಿದ್ದು ಸಂಜೆಯವರೆಗೂ ಬರಲಿಲ್ಲ. ಬಂದಿದ್ದರೂ ಡಾರ್ಸಿ ಒಂಟಿಯಾಗಿರುತ್ತಿರಲಿಲ್ಲ.

ಅಜ್ಜಿಯ ಪುಟ ಈಗ ಗೊತ್ತಿರುವವರಿಗೆ ಮಾತ್ರ. ಬೀಗ ಹಾಕುವುದು ಕಲಿಸಿದ್ದು ಡಾರ್ಸಿಯೇ. ಮೊನ್ನೆ ಯಾರೋ ಪರಿಚಯ ಇಲ್ಲದವರು ಸಂದೇಶ ಕಳಿಸಿ, ಮೊಮ್ಮಗಳು ಚೆನ್ನಾಗಿದ್ದಾಳಾ ಅಂತ ಕೇಳಿದರು. ಅಜ್ಜಿ ಕನ್ನಡಕ ಏರಿಸಿ, ಒಂದೇ ಬೆರಳಿನಲ್ಲಿ ಬರೆದಳು: ಮೊದಲು ನೀನು ಯಾರ ಮನೆ ಮಗು, ಅದನ್ನ ಹೇಳು.

ಉತ್ತರ ಇನ್ನೂ ಬಂದಿಲ್ಲ.

ಓದುತ್ತಿರುವ ಅಜ್ಜಿಯರೇ, ಅಮ್ಮಂದಿರೇ, ಮಗುವಿನ ಫೋಟೋ ಹಾಕುವ ಮೊದಲು ಒಂದು ಗಳಿಗೆ ನಿಲ್ಲಿ. ಶಾಲೆ, ಮನೆ, ಅವಳು ಒಬ್ಬಳೇ ನಡೆಯುವ ಹೊತ್ತು ಪರರಿಗೆ ಬೇಡ. ಮಕ್ಕಳೇ, ನಿಮ್ಮ ಬಗ್ಗೆ ಎಲ್ಲ ಗೊತ್ತಿದ್ದ ಮಾತ್ರಕ್ಕೆ ಯಾರೂ ನಿಮ್ಮವರಾಗುವುದಿಲ್ಲ. ಹೆದರಿಸಿದರೆ ಅದು ಹೆದರಿಸಿದವರ ತಪ್ಪು, ಅದೇ ದಿನ ಮನೆಯಲ್ಲಿ ಹೇಳಿ. ಮಗು ಹೇಳಲು ಬಂದಾಗ ದೊಡ್ಡವರು ಮಾಡಬೇಕಾದ್ದು ಇಷ್ಟೇ: ಫೋನಿಗೆ ಕೈ ಹಾಕಬೇಡಿ, ಕುರ್ಚಿ ಎಳೆದು ಕೊಡಿ.