ಬೀಗತಿಗೆ ಹೇಳಲೇಬೇಕಾದ ಮಾತು

ಅಥಣಿ ಕಡೆಯ ಸತ್ತಿ ಊರಿನಲ್ಲಿ ಗುಳಿಗೆ ಕೊಡುವವರಿಗೆ ಬರವಿಲ್ಲ. ತಲೆನೋವು ಎಂದರೆ ಸಾಕು, ಕಿರಾಣಿ ಅಂಗಡಿಯ ಜಿನ್ನಪ್ಪನೂ ಡಾಕ್ಟರೇ, ಪಕ್ಕದ ಮನೆಯವರೂ ಡಾಕ್ಟರೇ. ೧೯೯೧ರ ಚಳಿಗಾಲದಲ್ಲಿ ಜಿನಮತಿಯ ಮಗಳು ಸುಗಂಧಾಗೆ ದವಡೆ ಹಲ್ಲು ನೋಯತೊಡಗಿತು. ಹಾರೂಗೇರಿಯ ಹುಡುಗನೊಂದಿಗೆ ಮದುವೆ ಗೊತ್ತಾಗಿತ್ತು. ಆ ಗಡಿಬಿಡಿಯಲ್ಲಿ ಹಲ್ಲು ತೋರಿಸಲು ಪುರುಸೊತ್ತು ಯಾರಿಗೆ? ಹುಡುಗಿ ಅಂಗಡಿಯ ನೋವಿನ ಗುಳಿಗೆಯನ್ನೇ ಹತ್ತು ದಿನ ನುಂಗಿದಳು.

ಹನ್ನೊಂದನೆಯ ದಿನ ಜ್ವರ ಬಂತು. ಕಣ್ಣು ಕೆಂಪಾದವು, ಬಾಯಲ್ಲಿ ಹುಣ್ಣೆದ್ದವು, ಎದೆಯ ಮೇಲೆ ಉರಿಯುವ ಕೆಂಪು ಕಲೆಗಳು ಮೂಡಿದವು. "ಅಮ್ಮ ಬಂದಾಳ" ಎಂದು ಓಣಿಯವರು ಬೇವಿನ ತಪ್ಪಲು ತಂದರು. ಜ್ವರ ಇಳಿಯಲಿ ಎಂದು ಜಿನಮತಿ ಅದೇ ಗುಳಿಗೆಯನ್ನು ಮತ್ತೆ ಕೈಗೆತ್ತಿಕೊಂಡಳು. ಅಷ್ಟರಲ್ಲಿ ಊರಿನ ನರ್ಸ್ ಶಿವಗಂಗವ್ವ ಬಂದರು.

"ಕೊಡಬ್ಯಾಡ್ರಿ ಅದನ್ನ! ಈ ಗುಳಿಗೀನ ಈಕಿಗೆ ತ್ರಾಸ ಮಾಡಿರಬೇಕು."

"ಗುಳಿಗಿಗೆ ಎಲ್ಲೆರ ಕಲೆ ಏಳ್ತಾವೇನ್ರಿ? ನಾ ಮೊಣಕಾಲಿಗೆ ಇದನ್ನ ನುಂಗತೇನಿ. ನನಗೇನಾಗೇತಿ?"

"ನಿಮಗೇನೂ ಆಗೂದಿಲ್ಲ. ಲಕ್ಷಾಂತರ ಮಂದ್ಯಾಗ ಎಲ್ಲೋ ಒಬ್ಬರಿಗೆ ಒಗ್ಗೂದಿಲ್ಲ. ಖರೇ ಏನಂತ ಡಾಕ್ಟರ್ ಹೇಳಲಿ. ಆದ್ರ ಬಾಯಿ, ಕಣ್ಣು, ಚರ್ಮ ಕೂಡೇ ಕೆಟ್ಟರ ಕುಂದರಬಾರದ್ರಿ. ಗುಳಿಗಿ ಪಾಕೀಟ ತಗೊಂಡು ಏಳ್ರಿ!"

ಜೀಪು ಅಥಣಿಗೆ ಓಡಿತು, ಅಲ್ಲಿಂದ ಮಿರಜದ ದೊಡ್ಡ ದವಾಖಾನೆಗೆ. ಪಾಕೀಟು ನೋಡಿದ ಡಾಕ್ಟರು, "ಈ ಗುಳಿಗೆಯ ಮೇಲೇ ಅನುಮಾನ. ಇನ್ನು ಜನ್ಮದಲ್ಲಿ ಇದನ್ನು ಮುಟ್ಟಬಾರದು" ಎಂದು ಅದರ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರು. ಬೇಗ ಬಂದದ್ದೇ ಪುಣ್ಯ. ಹದಿನೈದು ದಿನಕ್ಕೆ ಸುಗಂಧಾ ಮನೆಗೆ ಬಂದು ಶೇಂಗಾ ಹೋಳಿಗೆ ಕೇಳಿದಳು. ಅವಳು ಮೂರು ಹೋಳಿಗೆ ತಿಂದಳು, ತಾಯಿ ಸಂತೋಷಕ್ಕೆ ಅತ್ತಳು.

ಆದರೆ ಜಿನಮತಿ ಬೀಗರಿಗೆ ಹಲ್ಲು ಕೀಳಿಸಿದ್ದೇವೆ ಎಂದಷ್ಟೇ ಹೇಳಿ ಕಳಿಸಿದ್ದಳು.

"ಚರ್ಮದ ಬ್ಯಾನಿ ಅಂದ್ರ ಲಗ್ನ ಮುರೀತೈತ್ರಿ. ನೂರು ಸುಳ್ಳು ಹೇಳಿ ಒಂದು ಲಗ್ನ ಮಾಡು ಅಂತಾರ" ಎಂದಳು ಶಿವಗಂಗವ್ವನ ಮುಂದೆ.

ಶಿವಗಂಗವ್ವ ನಕ್ಕರು. "ನೂರೂ ಹೇಳ್ರಿ. ಹುಡುಗಿಗೆ ಹಾಡಾಕ ಬರತೈತಿ ಅನ್ರಿ, ಸಿಟ್ಟು ಬರೂದಿಲ್ಲ ಅನ್ರಿ. ಇದೊಂದು ಮಾತ್ರ ಮುಚ್ಚಬ್ಯಾಡ್ರಿ. ನಾಳೆ ತಲಿ ನೋಯಾಕತ್ತೇತಿ ಅಂದ್ರ ಅತ್ತಿ ಪ್ರೀತಿ ಮಾಯಾದಿಂದ ಚಹಾದ ಜೋಡಿ ಅದ ಗುಳಿಗಿ ಕೊಡತಾರ. ಹೊಸಾ ಸೊಸಿ ಒಲ್ಲೆ ಅಂತಾಳೇನು?"

"ಹಂಗಾರ ಬೀಗತಿ ಬಂದಾಗ ನೀವೂ ಬಾಜೂಕ ಇರ್ರಿ" ಎಂದಳು ಜಿನಮತಿ.

ಮುಂದಿನ ರವಿವಾರ ಬೀಗತಿ ಲಕ್ಷ್ಮಿಬಾಯಿ ಸೀರೆ ತೋರಿಸಲು ಬಂದರು. ಜಿನಮತಿ ಸೆರಗು ತಿರುವುತ್ತ, ನರ್ಸಬಾಯಿಯ ಮುಖ ನೋಡುತ್ತ, ಎಲ್ಲವನ್ನೂ ಹೇಳಿಬಿಟ್ಟಳು.

ಲಕ್ಷ್ಮಿಬಾಯಿ ಸೀರೆ ಬದಿಗಿಟ್ಟು ಕೇಳಿದರು: "ಇದು ಮಂದಿಗೆ ಅಂಟತೈತೇನ್ರಿ?"

"ಇಲ್ರಿ. ಆ ಗುಳಿಗಿ ಹಂತೇಕ ಹೋಗದಿದ್ರ ಆತು" ಎಂದರು ಶಿವಗಂಗವ್ವ.

ಲಕ್ಷ್ಮಿಬಾಯಿ ತಮ್ಮ ಎಲೆ ಅಡಿಕೆಯ ಚಂಚಿ ಬಿಚ್ಚಿ ಒಂದು ಪಾಕೀಟು ತೆಗೆದರು. "ಹಲ್ಲು ಕೀಳಿಸ್ಯಾರಂದ್ರ ಕೂಸಿಗೆ ನೋವಿರತೈತಿ ಅಂತ ತಂದಿದ್ನಿ. ನೋಡ್ರಿ."

ಸುಗಂಧಾ ಅದನ್ನು ಡಾಕ್ಟರ ಚೀಟಿಯ ಪಕ್ಕ ಹಿಡಿದು ಓದಿದಳು. ಅದೇ ಹೆಸರು!

"ಇವತ್ತ ಹೇಳಿದ್ದು ಚಲೋ ಆತ್ರಿ" ಎಂದು ಲಕ್ಷ್ಮಿಬಾಯಿ ಸೊಸೆಯ ಗಲ್ಲ ಸವರಿದರು. "ಲಗ್ನ ಯಾಕ ಮುರೀಬೇಕು? ನಿಮ್ಮ ಅಳಿಯಾನೂ ಬದನಿಕಾಯಿ ತಿಂದ್ರ ಮೈಯೆಲ್ಲಾ ಕೆರಕೋತಾನ. ಅದನ್ನ ನಾವೂ ಮುಚ್ಚಿಟ್ಟಿದ್ವಿ!"

ನಗೆ ಓಣಿಗೆಲ್ಲ ಕೇಳಿಸಿತು.

ಅಕ್ಕಂದಿರೇ, ಅಣ್ಣಂದಿರೇ, ಡಾಕ್ಟರು ಕೊಟ್ಟ ಗುಳಿಗೆಗೆ ಹೆದರಬೇಡಿ. ಅಂಗಡಿಯ ಗುಳಿಗೆಯನ್ನು ಮಾತ್ರ ಯಾರನ್ನೂ ಕೇಳದೆ ದಿನಗಟ್ಟಲೆ ನುಂಗಬೇಡಿ. ಗುಳಿಗೆ ತೆಗೆದುಕೊಳ್ಳುವಾಗ ಜ್ವರ, ಬಾಯಿಹುಣ್ಣು, ಕೆಂಪು ಕಣ್ಣು, ಮೈಮೇಲೆ ಕಲೆ ಅಥವಾ ಗುಳ್ಳೆ ಕಂಡರೆ ಅದನ್ನು ನಿಲ್ಲಿಸಿ, ಪಾಕೀಟು ಹಿಡಿದು ಆ ದಿನವೇ ದವಾಖಾನೆಗೆ ಹೋಗಿ. ಅತ್ತೆಯರೇ, ನಿಮ್ಮ ಸೊಸೆಗೆ ಯಾವ ಗುಳಿಗೆ ಒಗ್ಗುವುದಿಲ್ಲ? ಗೊತ್ತಿಲ್ಲದಿದ್ದರೆ ಇವತ್ತು ಚಹಾ ಕುಡಿಯುವಾಗಲೇ ಕೇಳಿಬಿಡಿ.